ಮುಂಭಾರ, ಹಿಂಭಾರ

ಹೋದ ವಾರ ಹಿತ್ತಿಲ ಕೊಟ್ಟಿಗೆಯ ಅಟ್ಟ ಖಾಲಿ ಮಾಡಿಸಿದೆ. ಗುಜರಿಯವನು ಸವೆದ ನೇಗಿಲ ಗುಳ, ಗಾಜಿಲ್ಲದ ಲಾಟೀನು, ತಳ ಹೋದ ಕೊಳಗ, ಯಾವ ಬಾಗಿಲಿನದೋ ಗೊತ್ತಿಲ್ಲದ ಮೂರು ಬೀಗ, ಎಲ್ಲವನ್ನೂ ಗೋಣಿಗೆ ತುಂಬಿದ. ಕಡೆಗೆ ಅವನ ಕೈಗೆ ಒಂದು ಕಬ್ಬಿಣದ ಪಟ್ಟಿ ಸಿಕ್ಕಿತು. ಮೊಳದಷ್ಟು ಉದ್ದ, ಹೆಬ್ಬೆರಳಿನಷ್ಟು ದಪ್ಪ, ಒಂದರ ಕೆಳಗೊಂದು ನಾಲ್ಕು ತೂತು.

"ಇದೇನ್ ಸಾ, ತೊಲೆಗೆ ಒಡಿಯೋದಾ?" ಅಂದ.

"ಅಲ್ಲ. ಅದನ್ನ ಅಲ್ಲೇ ಬಿಡು."

"ಒಳ್ಳೆ ತೂಕ ಬತ್ತದೆ ಸಾ."

ತೂಕ ಬರುತ್ತದೆ ಅನ್ನುವುದು ನನಗೂ ಗೊತ್ತಿತ್ತು. ನಾಲ್ಕು ತೂತಿನ ಪಟ್ಟಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಮಧ್ಯಾಹ್ನವೆಲ್ಲ ಜಗಲಿಯ ಮೇಲೆ ಕೂತಿದ್ದ ಮುದುಕನನ್ನು ನೀವು ನೋಡಿದ್ದರೆ, ಪಾಪ, ಇವನಿಗೂ ಅರಳುಮರಳು ಶುರುವಾಯಿತು ಅಂದುಕೊಳ್ಳುತ್ತಿದ್ದಿರಿ. ಮನೆಯವರೂ ಹಾಗೇ ಅಂದುಕೊಂಡರು.

ಈ ಪಟ್ಟಿಯ ವಿಷಯಕ್ಕೆ ಬರುವ ಮೊದಲು ಎತ್ತಿನ ಗಾಡಿಯ ಮಾತು ಹೇಳಬೇಕು. ಎರಡೇ ಚಕ್ರದ ಗಾಡಿ ತಕ್ಕಡಿಯಿದ್ದ ಹಾಗೆ. ಗಾಲಿಗಳನ್ನು ಕೂಡಿಸುವ ಅಚ್ಚಿನ ಮುಂದೆ ಹೆಚ್ಚು ಹೇರಿದರೆ ಭಾರವೆಲ್ಲ ಎತ್ತುಗಳ ಕತ್ತಿನ ಮೇಲೆ ಬಿದ್ದು ಹೆಗಲು ಹುಣ್ಣಾಗುತ್ತದೆ. ಅದು ಮುಂಭಾರ. ಹಿಂದೆ ಹೆಚ್ಚು ಹೇರಿದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿದು ಎತ್ತುಗಳಿಗೆ ಉಸಿರು ಕಟ್ಟುತ್ತದೆ. ಅದು ಹಿಂಭಾರ. ಎರಡರ ನಡುವೆ, ನೊಗ ಕತ್ತಿನ ಮೇಲೆ ಇದೆಯೋ ಇಲ್ಲವೋ ಅನ್ನುವಷ್ಟು ಭಾರ ಕೂರಬೇಕು. ನಾನು ಚಿಕ್ಕಂದಿನಲ್ಲಿ ದುಂಡಗಿದ್ದೆ. ಅಜ್ಜಿ ಹಾಕುತ್ತಿದ್ದ ಬೆಣ್ಣೆ ವ್ಯರ್ಥವಾಗಿರಲಿಲ್ಲ. ಅರಕಲಗೂಡಿನ ಸೋದರತ್ತೆಯ ಮನೆಗೆ ಗಾಡಿ ಹೊರಟಿತೆಂದರೆ ನಾನೇ ಅದರ ತೂಕದ ಕಲ್ಲು. ಏರು ಬಂದ ಕೂಡಲೇ ಗಾಡಿ ಹೊಡೆಯುವವನು "ಚಿಕ್ಕಗೌಡ್ರೆ, ಮುಂದಕ್ಕೆ ಬನ್ನಿ" ಅನ್ನುತ್ತಿದ್ದ. ನಾನು ತೆವಳಿಕೊಂಡು ನೊಗಕ್ಕೆ ಕೂಡುವ ಮೂಕಿಮರದ ಬಳಿ ಹೋಗಿ ಕೂರುತ್ತಿದ್ದೆ. ಇಳಿಜಾರಿನಲ್ಲಿ "ಇಂದಕ್ಕೋಗಿ" ಅನ್ನುತ್ತಿದ್ದ. ಅಮ್ಮ, ಅಕ್ಕಂದಿರು, ಚಕ್ಕುಲಿಯ ಡಬ್ಬ, ಎಲ್ಲರನ್ನೂ ದಾಟಿಕೊಂಡು ಹಿಂದಕ್ಕೆ. ಗಾಡಿಯನ್ನು ಎಳೆಯುವವು ಎತ್ತುಗಳಾದರೂ ನಡೆಸುವವನು ನಾನೇ ಎಂಬ ಭಾವನೆ ನನಗೆ ಬಹಳ ದಿನ ಇತ್ತು. ಶಾಲೆಯ ಯಾವ ಪಾಠವೂ ಅಷ್ಟು ಗಟ್ಟಿಯಾಗಿ ತಲೆಗೆ ಇಳಿಯಲಿಲ್ಲ: ಏರಿಗೆ ಮುಂಭಾರ, ಇಳಿಜಾರಿಗೆ ಹಿಂಭಾರ.

ಆ ಪಾಠವೇ ಮುಂದೆ ಒಬ್ಬ ಮನುಷ್ಯನ ಕಾಲನ್ನು ಕಳೆಯಿತು. ಅದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ನಮ್ಮ ಊರು ಕಟ್ಟಾಯದ ಹತ್ತಿರ. ಅರವತ್ತರ ದಶಕದ ನಡುವೆ ಅಪ್ಪ ಟ್ರ್ಯಾಕ್ಟರ್ ತಂದ. ಸುತ್ತಿನ ಹಳ್ಳಿಗಳಿಗೆಲ್ಲ ಅದೇ ಮೊದಲನೆಯದು. ಅಪ್ಪ ದೊಡ್ಡಾಳು, ಮೈಯಲ್ಲೂ ಮಾತಲ್ಲೂ. ಅವನು ಪಂಚಾಯಿತಿ ಕಟ್ಟೆಯ ಮೇಲೆ ಕೂತರೆ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಇರುತ್ತಿರಲಿಲ್ಲ. ಇದ್ದರೂ ಯಾರೂ ಕೂರುತ್ತಿರಲಿಲ್ಲ. ನಾನು ಆಗ ಇಪ್ಪತ್ತಮೂರರವನು, ಮೈಸೂರಿನಲ್ಲಿ ಬಿ.ಎಸ್ಸಿ.ಗೆ ಎರಡು ಸಲ ಕೂತು ಎರಡು ಸಲವೂ ನಪಾಸಾಗಿ ಊರಿಗೆ ಮರಳಿದ್ದೆ. ಟ್ರ್ಯಾಕ್ಟರಿನ ಜೊತೆ ಇಂಗ್ಲಿಷಿನಲ್ಲಿ ಒಂದು ದಪ್ಪ ಪುಸ್ತಕ ಬಂದಿತ್ತು. ಅದನ್ನು ಓದುವ ಅಧಿಕಾರ ನನ್ನದಾಯಿತು. ಊರಿನಲ್ಲಿ ನನ್ನ ಓದಿಗೆ ಸಿಕ್ಕಿದ ಮೊದಲ ಕೆಲಸ ಅದು.

ಓಡಿಸಲು ಲಕ್ಕಯ್ಯ ಬಂದ. ನಮ್ಮೂರ ಹೊರಗಿನ ಕೇರಿಯವನೇ. ಹದಿನೈದು ವರ್ಷ ಮಿಲಿಟರಿಯಲ್ಲಿ ಗಾಡಿ ಓಡಿಸಿ, ಹಿಂದೆ ಫಿರಂಗಿಯನ್ನೂ ನೀರಿನ ಟ್ಯಾಂಕನ್ನೂ ಕಟ್ಟಿಕೊಂಡು ಬೆಟ್ಟಗಳನ್ನು ಹತ್ತಿಳಿದು, ಲೈಸೆನ್ಸು ಮತ್ತು ಒಂದು ತಗಡಿನ ಪೆಟ್ಟಿಗೆಯೊಡನೆ ವಾಪಸಾಗಿದ್ದ. ಹೋಗುವಾಗ ಅಪ್ಪನನ್ನು "ಬುದ್ಧಿ" ಅನ್ನುತ್ತಿದ್ದವನು ಬಂದ ಮೇಲೆ "ಗೌಡ್ರೆ" ಅನ್ನತೊಡಗಿದ. ನನ್ನನ್ನು "ಸಾ" ಅನ್ನುತ್ತಿದ್ದ. ಅಪ್ಪನಿಗೆ ಇದು ಅಷ್ಟು ಹಿಡಿಸಲಿಲ್ಲ. ಇನ್ನೊಂದು ಹಿಡಿಸದ ಸಂಗತಿ ಆಸನದ್ದು. ಟ್ರ್ಯಾಕ್ಟರಿನಲ್ಲಿ ಎತ್ತರದ ಸೀಟು ಓಡಿಸುವವನದು, ಯಜಮಾನನಿಗೆ ಗಾಲಿಯ ಮೇಲಿನ ತಗಡೇ ಗತಿ. ಒಂದು ಸಲ ಹಾಗೆ ಕೂತು ಹಾಸನಕ್ಕೆ ಹೋಗಿ ಬಂದ ಅಪ್ಪ ಮತ್ತೆ ಅದನ್ನು ಹತ್ತಲಿಲ್ಲ. ಸೊಂಟ ನೋವು ಅಂದ.

ಟ್ರೈಲರನ್ನು ಬೇರೆ ಕಡೆ ಮಾಡಿಸಿದ್ದು. ಎರಡು ಚಕ್ರದ, ಮರದ ಮೈಯ ಗಾಡಿ. ಅದನ್ನು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸುವ ಕೊಂಡಿಯನ್ನು ಲಕ್ಕಯ್ಯ ಮೊದಲ ದಿನ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.

"ಇದು ಎತ್ರ ಆಯ್ತು ಸಾ," ಅಂದ. "ಇಷ್ಟ್ ಮ್ಯಾಲಿಂದ ಎಳುದ್ರೆ ಏರ್ನಾಗೆ ಮುಂದಿನ್ ಮೂತಿ ಎದ್ಬುಡ್ತದೆ."

"ಪುಸ್ತಕದಲ್ಲಿ ಹಾಗೇನೂ ಇಲ್ಲ," ಅಂದೆ. ಇತ್ತು. ಆ ಪುಟ ನನಗೆ ಅರ್ಥವಾಗದೆ ಮಗುಚಿದ್ದೆ.

"ಪುಸ್ತಕ ಬರ್ದೋನು ನಮ್ ಕೆರೆ ಏರು ನೋಡಿದ್ನಾ ಸಾ?"

ಹೊಳೆನರಸೀಪುರದಲ್ಲಿ ಅವನಿಗೆ ಗೊತ್ತಿದ್ದ ಒಬ್ಬ ಕಮ್ಮಾರನಿದ್ದ. ಅವನ ಕೈಯಲ್ಲಿ ನಾಲ್ಕು ತೂತಿನ ಈ ಪಟ್ಟಿ ಮಾಡಿಸಿ ತಂದು ಟ್ರ್ಯಾಕ್ಟರಿನ ಹಿಂಬದಿಗೆ ನೆಟ್ಟಗೆ ಕೂರಿಸಿದ. ಭಾರ ಇದ್ದಾಗ ಕೊಂಡಿಯ ಪಿನ್ನು ಕೆಳಗಿನ ತೂತಿಗೆ. ಖಾಲಿ ಗಾಡಿಯಾದರೆ ಮೇಲಿನದಕ್ಕೆ. ಹೇರುವುದಕ್ಕೂ ಅವನದೊಂದು ಅಳತೆ ಇತ್ತು. ಮೂಟೆ ತುಂಬಿದ ಮೇಲೆ ಟ್ರೈಲರಿನ ಮೂಕಿಯನ್ನು ಆಳುಗಳ ಕೈಲಿ ಎತ್ತಿಸುತ್ತಿದ್ದ. "ಇಬ್ರು ಎತ್ತುದ್ರೆ ಏಳ್ಬಾರ್ದು. ನಾಕ್ ಜನ ಎತ್ತುದ್ರೆ ಏಳ್ಬೇಕು. ಅಷ್ಟೇಯ." ಏಳದಿದ್ದರೆ ಒಂದು ಮೂಟೆ ಹಿಂದಕ್ಕೆ, ಬೇಗ ಎದ್ದರೆ ಒಂದು ಮೂಟೆ ಮುಂದಕ್ಕೆ. ಇದಾಗದೆ ಗಾಡಿ ಕದಲುತ್ತಿರಲಿಲ್ಲ. ಮಳೆ ಬರಲಿ, ಗಿರಾಕಿಯ ಲಾರಿ ಕಾಯುತ್ತಿರಲಿ, ಅಪ್ಪ ಮನೆಯಿಂದ ಕೂಗುತ್ತಿರಲಿ.

ಒಂದು ದಿನ ನಾನು ನನ್ನ ಬಾಲ್ಯದ ವಿದ್ಯೆಯನ್ನು ಅವನಿಗೆ ಹೇಳಿದೆ. ಏರಿನಲ್ಲಿ ಮುಂಭಾರ ಹೆಚ್ಚಿರಬೇಕಲ್ಲವೇ ಅಂದೆ.

"ಅದು ಎತ್ತಿಗೆ ಸಾ," ಅಂದ. "ಎತ್ತಿನ್ ಕತ್ತಿನ್ ಮ್ಯಾಲೆ ಭಾರ ಬಿದ್ರೆ ಅದರ ಕಾಲು ನೆಲ ಕಚ್ತದೆ. ಇದುಕ್ಕೆ ಭಾರ ಬೀಳಾದು ಬಾಲದ್ ಮ್ಯಾಲೆ. ಬಾಲ ಒತ್ತುದ್ರೆ ಮೂತಿ ಎದ್ದೇಳ್ತದೆ. ಇದು ಎತ್ತಲ್ಲ."

ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಮೈಸೂರಿನಲ್ಲೇ ರೂಢಿಯಾಗಿತ್ತು, ಉಪನ್ಯಾಸಕರು ಪಾಠ ಮಾಡುವಾಗ.

ಅದು ಭಾದ್ರಪದ. ಕೆರೆಯ ಹಿಂದಿನ ಹೊಲದಲ್ಲಿ ಆಲೂಗೆಡ್ಡೆ ಕಿತ್ತಿದ್ದರು. ಆ ದಿನ ಲಕ್ಕಯ್ಯನ ಮನೆಯಲ್ಲಿ ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬ. ಹಿಂದಿನ ಸಂಜೆಯೇ ಹೇಳಿ ಹೋಗಿದ್ದ: "ಮೂಟೆ ಕಟ್ಸಿ ಇಟ್ಟಿರಿ ಸಾ, ಗಾಡಿ ಮುಟ್ಬ್ಯಾಡಿ. ಇಂದ್ಗಡೆ ಹಲಗೆ ಚಿಲ್ಕ ಕಿತ್ತೋಗದೆ. ಮಧ್ಯಾನದ ಮ್ಯಾಲೆ ಬಂದು ಸರಿ ಮಾಡಿ ನಾನೇ ಒಡೀತೀನಿ."

ಮಧ್ಯಾಹ್ನಕ್ಕೆ ಮುಂಚೆಯೇ ಮೋಡ ಕವಿಯಿತು. ಕಟ್ಟಾಯದಲ್ಲಿ ಲಾರಿ ಕಾಯುತ್ತಿತ್ತು. ಗೆಡ್ಡೆ ನೆನೆದರೆ ಕೊಳೆಯುತ್ತದೆ. ಈ ಮೂರೂ ನಿಜ. ಆದರೆ ಇವು ಮೂರೂ ಕಾರಣವಲ್ಲ. ಹೊಲದಲ್ಲಿ ಇಪ್ಪತ್ತು ಜನ ಗೆಡ್ಡೆ ಆಯುತ್ತಿದ್ದರು. ಅವರ ಮುಂದೆ ಗೌಡರ ಮಗ ಡ್ರೈವರಿಗಾಗಿ ಕಾಯುತ್ತ ಬದುವಿನ ಮೇಲೆ ಕೂತಿದ್ದ. ನನಗೆ ಟ್ರ್ಯಾಕ್ಟರ್ ಓಡಿಸಲು ಬರುತ್ತಿತ್ತು. ಬಯಲಿನಲ್ಲಿ, ಮುಂದಕ್ಕೆ.

ಹಿಂದಿನ ಹಲಗೆ ನಿಲ್ಲುತ್ತಿರಲಿಲ್ಲವಾದ್ದರಿಂದ ಮೂಟೆಗಳು ಜಾರಿ ಬೀಳದಂತೆ ಎಲ್ಲವನ್ನೂ ಮುಂದಕ್ಕೆ ಒಟ್ಟಿಸಿದೆ. ಏರಿಗೆ ಮುಂಭಾರ ಒಳ್ಳೆಯದೇ ಅಲ್ಲವೇ. ಕೆಳಗಿನ ತೂತಿಗೆ ಸಿಕ್ಕಿಸಿದ ಕೊಂಡಿ ಹೊಲದ ಕಲ್ಲಿಗೆ ತಗಲುತ್ತಿತ್ತು. ಪಿನ್ನು ತೆಗೆದು ಮೇಲಿನ ತೂತಿಗೆ ಹಾಕಿಸಿದೆ. ಹಾಕಿದವನು ಕೆಂಪ.

ಕೆಂಪ ನನ್ನ ಓರಗೆಯವನು, ನಮ್ಮ ಮನೆಯ ಆಳು, ಲಕ್ಕಯ್ಯನ ಪಕ್ಕದ ಮನೆಯವನು. ಮದುವೆಯಾಗಿ ಒಂದು ವರ್ಷವಾಗಿತ್ತು. ಪಿನ್ನು ಕೈಯಲ್ಲಿ ಹಿಡಿದು ಅವನು ಸ್ವಲ್ಪ ಹೊತ್ತು ನಿಂತ.

"ಲಕ್ಕಣ್ಣ ಕೆಳೀಕೆ ಆಕ್ತಿತ್ತು ಬುದ್ಧಿ. ಬರ್ಲಿ ತಡೀರಿ, ಇನ್ನೇನ್ ಬತ್ತದೆ."

"ಲಕ್ಕಯ್ಯ ಹುಟ್ಟೋಕೆ ಮುಂಚೇನೂ ಜನ ಭಾರ ಸಾಗಿಸ್ತಿದ್ರು ಕಣೋ. ಹಾಕು," ಅಂದೆ.

ಅವನು ಹಾಕಿದ. ಹಾಕಿ, ಗಾಲಿಗೆ ಒತ್ತು ಕೊಡುವ ಮರದ ತುಂಡನ್ನು ಹೆಗಲ ಮೇಲಿಟ್ಟುಕೊಂಡು ಟ್ರೈಲರಿನ ಹಿಂದೆ ನಡೆದುಬಂದ. ಬಾ ಅಂತ ನಾನು ಹೇಳಿರಲಿಲ್ಲ.

ಹೊಲದಿಂದ ಕೆರೆಯ ಏರಿಯ ರಸ್ತೆಗೆ ಒಂದು ಕಡಿದಾದ ದಾರಿ. ಹಿಂದಿನ ದಿನದ ಮಳೆಗೆ ಮಣ್ಣು ಜಾರುತ್ತಿತ್ತು. ಅರ್ಧ ಏರಿದ ಮೇಲೆ ಸ್ಟಿಯರಿಂಗು ಕೈಯಲ್ಲಿ ಹಗುರಾಯಿತು. ಎಷ್ಟು ಹಗುರವೆಂದರೆ ನನಗೆ ಖುಷಿಯಾಯಿತು, ಇಷ್ಟು ಸಲೀಸಾಗಿ ತಿರುಗುತ್ತಿದೆಯಲ್ಲ ಅಂತ. ಆಮೇಲೆ ಕಣ್ಣ ಮುಂದಿನ ರಸ್ತೆ ಕಾಣದಾಯಿತು. ಮುಂದಿನ ಗಾಲಿಗಳು ನೆಲ ಬಿಟ್ಟು ಎದ್ದಿದ್ದವು. ನನಗೆ ಆಕಾಶ ಮಾತ್ರ ಕಾಣುತ್ತಿತ್ತು. ಹೆದರಿ ಕ್ಲಚ್ಚು ತುಳಿದೆ. ಮೂತಿ ದಡ್ಡನೆ ನೆಲಕ್ಕೆ ಬಿತ್ತು, ಭಾರದ ಗಾಡಿ ಟ್ರ್ಯಾಕ್ಟರನ್ನು ಹಿಂದಕ್ಕೆ ಎಳೆಯತೊಡಗಿತು. ಬ್ರೇಕು ಹಿಡಿಯುವಷ್ಟರಲ್ಲಿ ಟ್ರೈಲರು ಅಡ್ಡಡ್ಡ ತಿರುಗಿ ನಿಂತುಬಿಟ್ಟಿತ್ತು. ನಿಲ್ಲಿಸಿದ್ದು ನನ್ನ ಬ್ರೇಕಲ್ಲ, ಕೆಂಪ ಒಡ್ಡಿದ ಮರದ ತುಂಡು. ತುಂಡಿನ ಜೊತೆಗೆ ಅವನ ಎಡಗಾಲೂ ಗಾಲಿಯ ಕೆಳಗಿತ್ತು.

ಅವನು ಕೂಗಲಿಲ್ಲ. ಹೊಲದ ಹೆಂಗಸರು ಕೂಗಿಕೊಂಡು ಓಡಿಬಂದರು. ನಾನು ಸೀಟಿನಿಂದ ಇಳಿಯಲಾರದೆ ಬ್ರೇಕನ್ನು ಎರಡು ಕಾಲಲ್ಲೂ ತುಳಿದುಕೊಂಡು ಕೂತಿದ್ದೆ. ಇಳಿದರೆ ಗಾಡಿ ಮತ್ತೆ ಹಿಂದಕ್ಕೆ ಹೋಗುತ್ತದೆ. ಕೆಂಪನ ಮುಖ ನನಗೆ ಕಾಣುತ್ತಿರಲಿಲ್ಲ, ಮಣ್ಣನ್ನು ಹಿಡಿಯುತ್ತ ಬಿಡುತ್ತ ಇದ್ದ ಅವನ ಒಂದು ಕೈ ಮಾತ್ರ ಕಾಣುತ್ತಿತ್ತು.

ಯಾರೋ ಓಡಿ ಲಕ್ಕಯ್ಯನನ್ನು ಕರೆತಂದರು. ಹಬ್ಬದ ಮಡಿಪಂಚೆಯಲ್ಲೇ ಬಂದ. ಇನ್ನೊಂದು ಕಡೆಯಿಂದ ಅಪ್ಪನೂ ಬಂದ. ಲಕ್ಕಯ್ಯ ಮೊದಲು ಕೆಂಪನ ಪಕ್ಕ ಮೊಣಕಾಲೂರಿ ಏನೋ ಹೇಳಿದ. ಆಮೇಲೆ ಗಾಲಿಗಳ ಹಿಂದೆ ಕಲ್ಲು ಇಡಿಸಿದ. ನಂತರ ಕೊಂಡಿಯನ್ನು ನೋಡಿದ. ಪಿನ್ನು ಯಾವ ತೂತಿನಲ್ಲಿದೆ ಅಂತ ನೋಡಿದ. ನನ್ನ ಕಡೆ ನೋಡಲಿಲ್ಲ.

"ಇಳೀರಿ ಸಾ," ಅಂದ. ನಾನು ಇಳಿದೆ. ಅವನು ಹತ್ತಿ ಕೂತ.

ಟ್ರೈಲರನ್ನು ಒಂದು ಗೇಣು ಮುಂದಕ್ಕೆ ಎಳೆದರೆ ಕಾಲು ಬಿಡುತ್ತದೆ. ಆದರೆ ಎಳೆದರೆ ಮೂತಿ ಮತ್ತೆ ಏಳುತ್ತದೆ, ಗಾಡಿ ಮತ್ತೆ ಹಿಂದಕ್ಕೆ ಬರುತ್ತದೆ. ಹೆಂಗಸರಿಗೆ ಮುಂದಿನ ಮೂಟೆಗಳನ್ನು ಇಳಿಸಲು ಹೇಳಿದ. ಅಷ್ಟೂ ಇಳಿಯುವವರೆಗೆ ಕಾಯುವಂತಿರಲಿಲ್ಲ. ಟ್ರ್ಯಾಕ್ಟರಿನ ಮುಂದೆ ತೂಕ ಬೇಕಿತ್ತು. ನೆರೆದವರನ್ನು ಒಂದು ಸಲ ಕಣ್ಣಾಡಿಸಿ ನೋಡಿದ. ಬಡಕಲು ಜನ. ಅವನ ಕಣ್ಣು ಅಪ್ಪನ ಮೇಲೆ ನಿಂತಿತು.

"ಗೌಡ್ರೆ, ಬನ್ನಿ. ಮುಂದ್ಗಡೆ ಕುತ್ಕಳಿ."

ಅಪ್ಪನಿಗೆ ಅರ್ಥವಾಗಲಿಲ್ಲ. "ಎಲ್ಲಿ?"

"ಇಲ್ಲಿ, ಮೂತಿ ಮ್ಯಾಲೆ. ಬಾನೆಟ್ ತಬ್ಕೊಂಡು ಕುತ್ಕಳಿ. ನಿಮ್ಮಷ್ಟು ಭಾರ ಇಲ್ಲಿ ಇನ್ಯಾರೂ ಇಲ್ಲ."

ಅಪ್ಪ ಚಪ್ಪಲಿ ಬಿಟ್ಟ. ಪಂಚೆ ಎತ್ತಿಕಟ್ಟಿ, ಇಬ್ಬರು ಆಳುಗಳ ಹೆಗಲು ಹಿಡಿದು, ಟ್ರ್ಯಾಕ್ಟರಿನ ಮುಂದಿನ ಕಬ್ಬಿಣದ ಮೇಲೆ ಹತ್ತಿ, ಲಕ್ಕಯ್ಯನಿಗೆ ಮುಖಮಾಡಿ ಬಾನೆಟ್ಟನ್ನು ಎರಡು ತೋಳಲ್ಲಿ ತಬ್ಬಿ ಕೂತ. ಕಾದ ತಗಡು. ಆ ಸುಟ್ಟ ಗುರುತು ಅವನ ಎದೆಯ ಮೇಲೆ ಕಡೆಯವರೆಗೂ ಇತ್ತು. ಅವನ ಎರಡು ಪಕ್ಕಕ್ಕೆ ಇಬ್ಬರು ಆಳುಗಳು ನೇತುಕೊಂಡರು. ಸೀಟಿನ ಮೇಲೆ ಲಕ್ಕಯ್ಯ, ಎದುರಿಗೆ ಅಪ್ಪ. ಊರಿಗೂರೇ ನೋಡುತ್ತಿತ್ತು. ನಗುವಂಥ ನೋಟವೇ ಅದು, ಬೇರೆ ದಿನವಾಗಿದ್ದರೆ.

ಲಕ್ಕಯ್ಯ ಗಾಡಿಯನ್ನು ಎಬ್ಬಿಸಿ ಕ್ಲಚ್ಚನ್ನು ಎಷ್ಟು ನಿಧಾನವಾಗಿ ಬಿಟ್ಟನೆಂದರೆ, ಚಕ್ರ ಕದಲಿದ್ದು ನಮಗೆ ಗೊತ್ತಾದದ್ದು ಕೆಂಪನ ಬಾಯಿಂದ ಹೊರಟ ಸದ್ದಿನಿಂದ. ಅದೊಂದೇ ಸಲ ಅವನು ಕೂಗಿದ್ದು. ಎಳೆದು ಮಲಗಿಸಿದರು. ಟ್ರೈಲರಿನ ಉಳಿದ ಮೂಟೆಗಳನ್ನೆಲ್ಲ ಉರುಳಿಸಿ, ಹುಲ್ಲು ಹಾಸಿ, ಅದರಲ್ಲೇ ಅವನನ್ನು ಹಾಸನದ ದೊಡ್ಡಾಸ್ಪತ್ರೆಗೆ ಲಕ್ಕಯ್ಯ ಒಯ್ದ. ಹೊರಡುವ ಮೊದಲು ಪಿನ್ನನ್ನು ತಾನೇ ತೆಗೆದು ಸರಿಯಾದ ತೂತಿಗೆ ಹಾಕಿಕೊಂಡ. ಮೂರನೆಯ ದಿನ ಮೊಣಕಾಲಿನ ಮೇಲಕ್ಕೆ ಕಾಲು ತೆಗೆದರು.

ನಾಲ್ಕನೆಯ ದಿನ ಪೊಲೀಸ್ ದಫೇದಾರರು ಸೈಕಲ್ಲಿನಲ್ಲಿ ಬಂದರು. ಸೌಮ್ಯ ಮನುಷ್ಯ. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, "ಗಾಡಿ ಓಡಿಸ್ತಿದ್ದೋರು ಯಾರು?" ಅಂತ ಕೇಳಿದರು.

ನನಗೆ ಲೈಸೆನ್ಸ್ ಇರಲಿಲ್ಲ.

"ಡ್ರೈವರು ಲಕ್ಕ," ಅಂದ ಅಪ್ಪ. ಸುಳ್ಳೂ ಅಲ್ಲ, ಉತ್ತರವೂ ಅಲ್ಲ. ದಫೇದಾರರು ಬರೆದುಕೊಂಡರು, ಎರಡು ದಿನದಲ್ಲಿ ಲಕ್ಕಯ್ಯ ಹಾಸನದ ಠಾಣೆಗೆ ಬಂದು ಹೇಳಿಕೆ ಕೊಡಲಿ ಅಂದು ಹೊರಟರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಕಂಬಕ್ಕೂ ನನಗೂ ಆಗ ಏನೂ ವ್ಯತ್ಯಾಸವಿರಲಿಲ್ಲ.

ಅವರು ಹೋದ ಮೇಲೆ ಅಪ್ಪ ಲಕ್ಕಯ್ಯನನ್ನು ಕರೆಸಿದ. ಅವನು ಅಂಗಳದಲ್ಲಿ ನಿಂತ.

"ನೋಡ್ಲಾ ಲಕ್ಕ, ನಿನ್ ಕೈಲಿ ಲೈಸೆನ್ಸ್ ಅದೆ. ನೀನು ಓಡುಸ್ತಿದ್ದೆ, ಗಾಡಿ ಜಾರ್ತು ಅಂದ್ರೆ ಅದು ಅಪಘಾತ ಆಯ್ತದೆ. ಇವ್ನು ಓಡುಸ್ತಿದ್ದ ಅಂದ್ರೆ ಕೇಸಾಯ್ತದೆ. ಮದ್ವೆ ಆಗ್ಬೇಕಾದ್ ಹುಡ್ಗ."

ಲಕ್ಕಯ್ಯ ಜೇಬಿನಿಂದ ಟ್ರ್ಯಾಕ್ಟರಿನ ಬೀಗದ ಕೈ ತೆಗೆದ. ಆಮೇಲೆ ಅಂದ: "ನಾನ್ ಓಡ್ಸಿದ್ರೆ ಮೂತಿ ಏಳ್ತಿರ್ನಿಲ್ಲ ಗೌಡ್ರೆ."

"ಅದು ಯಾರಿಗ್ ಗೊತ್ತಾಯ್ತದೆ?"

"ನಂಗೊತ್ತಾಯ್ತದೆ. ನಾನ್ ಕುಡ್ದಿದ್ದೆ ಅನ್ನಿ, ಕದ್ದೆ ಅನ್ನಿ. ಆ ಥರ ಭಾರ ತುಂಬ್ದೆ ಅಂತ ಮಾತ್ರ ನನ್ ಬಾಯಾಗೆ ಬರಾಕಿಲ್ಲ."

ಬೀಗದ ಕೈಯನ್ನು ಜಗಲಿಯ ಅಂಚಿಗೆ ಇಟ್ಟ. "ಇನ್ನು ಇಲ್ಲಿದ್ರೆ ನಿಮ್ಗೂ ಕಷ್ಟ, ನಂಗೂ ಕಷ್ಟ." ಆ ವಾರವೇ ಚನ್ನರಾಯಪಟ್ಟಣದ ಕಡೆ, ದಂಡಿಗನಹಳ್ಳಿಯಲ್ಲಿ ಯಾರದೋ ಟ್ರ್ಯಾಕ್ಟರಿಗೆ ಸೇರಿಕೊಂಡನೆಂದು ಊರಿನಲ್ಲಿ ಮಾತು ಬಂತು.

ನೀವು ಈಗ ನನ್ನ ಬಗ್ಗೆ ಏನು ಯೋಚಿಸುತ್ತಿದ್ದೀರೋ ಅದನ್ನೇ ನಾನೂ ಆ ರಾತ್ರಿ ಯೋಚಿಸಿದೆ. ಯೋಚಿಸಿ ನಿದ್ದೆಯನ್ನೂ ಮಾಡಿದೆ. ಧೈರ್ಯವಂತನ ಕಥೆಯಲ್ಲ ಇದು. ಬೆಳಿಗ್ಗೆ ಎದ್ದು ಹಾಸನದ ಬಸ್ಸು ಹತ್ತಿದ್ದು ಕೂಡ ಠಾಣೆಗೆಂದು ಅಲ್ಲ, ಕೆಂಪನನ್ನು ನೋಡಿ ಬರಲು.

ಅವನ ಹೆಂಡತಿ ನಿಂಗಮ್ಮ ಮಂಚದ ಕೆಳಗೆ ಕೂತು ಗಂಜಿ ಆರಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ಆಚೆ ಹೋದಳು. ಕೆಂಪನ ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಅಲ್ಲಿ ನೋಡಬಾರದು ಅಂದುಕೊಂಡು ಅಲ್ಲೇ ನೋಡಿದೆ.

"ನೋವು ಹೇಗಿದೆ?" ಅಂದೆ.

"ಇಲ್ದಿರೋ ಪಾದ ಕಡೀತದೆ ಬುದ್ಧಿ," ಅಂದ. ಆಮೇಲೆ ದನಿ ತಗ್ಗಿಸಿದ. "ಪೊಲೀಸ್ನೋರು ಬಂದಿದ್ರು. ನಾನು ಇಂದ್ಗಡೆ ಇದ್ದೆ, ಯಾರ್ ಓಡುಸ್ತಿದ್ರೋ ಕಾಣ್ನಿಲ್ಲ ಅಂದೆ. ನಿಮ್ ಎಸ್ರು ಏಳಾಕೆ ನಂಗೆ ಬಾಯ್ ಬರ್ನಿಲ್ಲ. ಲಕ್ಕಣ್ಣನ್ ಎಸ್ರು ಏಳಾಕೂ ಆಗ್ನಿಲ್ಲ."

ಅಷ್ಟು ಹೇಳಿ ಕಣ್ಣು ಮುಚ್ಚಿದ. ಬೈದಿದ್ದರೆ ಬಹುಶಃ ನಾನು ಮನೆಗೆ ಹೋಗಿಬಿಡುತ್ತಿದ್ದೆ. ಕಾಲು ಕಳೆದುಕೊಂಡವನು ನನ್ನ ಮರ್ಯಾದೆಯನ್ನೂ ಇನ್ನೊಬ್ಬನ ಮರ್ಯಾದೆಯನ್ನೂ ಒಟ್ಟಿಗೆ ಹೊತ್ತುಕೊಂಡು ಮಲಗಿದ್ದ. ಹೊರಗೆ ಬಂದೆ. ಹೊರಸಾಲೆಯಲ್ಲಿ ನಿಂಗಮ್ಮ ನನಗೆ ಬೆನ್ನು ಹಾಕಿ ನಿಂತಿದ್ದಳು. ಅವಳನ್ನು ದಾಟಿ ಠಾಣೆಗೆ ನಡೆದೆ. ಆ ದಫೇದಾರರೇ ಇದ್ದರು. ಓಡಿಸಿದ್ದು ನಾನು, ಹೇರಿಸಿದ್ದು ನಾನು, ಪಿನ್ನು ಮೇಲಿನ ತೂತಿಗೆ ಹಾಕಿಸಿದ್ದೂ ನಾನು ಅಂದೆ. ಅವರಿಗೆ ಪಿನ್ನಿನ ಮಾತು ತಿಳಿಯಲಿಲ್ಲ. ಅದನ್ನೂ ಬರೆಯಲೇಬೇಕೆಂದು ನಾನು ಹಟ ಹಿಡಿದೆ. ಬರೆದುಕೊಂಡರು.

ಕೇಸು ನಡೆಯಿತು, ಕೋರ್ಟು ದಂಡ ಹಾಕಿತು. ಅರಕಲಗೂಡಿನ ಕಡೆಯಿಂದ ಬರಬೇಕಿದ್ದ ಸಂಬಂಧ ನಿಂತುಹೋಯಿತು. ಕೆಂಪನಿಗೆ ನಮ್ಮ ಮನೆಯಿಂದ ಏನು ಸಂದಿತು ಅನ್ನುವುದನ್ನು ಬರೆಯುವುದಿಲ್ಲ. ಬರೆದರೆ ಕೊಟ್ಟೆವೆಂದು ಹೇಳಿಕೊಂಡಂತಾಗುತ್ತದೆ, ಕಾಲಿಗೆ ಬದಲಾಗಿ ಕೊಡುವಂಥದ್ದು ನಮ್ಮಲ್ಲಿ ಏನೂ ಇರಲಿಲ್ಲ. ಅಪ್ಪ ನನ್ನೊಡನೆ ಮಾತು ಬಿಟ್ಟ. ಊಟಕ್ಕೆ ಒಂದೇ ಸಾಲಿನಲ್ಲಿ ಕೂರುತ್ತಿದ್ದೆವು. ಅವನಿಗೆ ಉಪ್ಪು ಬೇಕಾದರೆ ಅಮ್ಮನನ್ನು ಕೇಳುತ್ತಿದ್ದ, ಉಪ್ಪು ನನ್ನ ಎದುರಿಗೇ ಇದ್ದರೂ.

ಎರಡು ತಿಂಗಳ ಮೇಲೆ ಕೆಂಪನನ್ನು ಮನೆಗೆ ಕರೆದೊಯ್ಯಬಹುದು ಅಂದರು. ಬಸ್ಸಿನ ಮೆಟ್ಟಿಲು ಅವನಿಂದ ಆಗದು. ಟ್ರ್ಯಾಕ್ಟರು ಅಷ್ಟು ದಿನವೂ ಕೊಟ್ಟಿಗೆಯಲ್ಲಿ ನಿಂತಿತ್ತು. ಕೆಂಪ ಹೇಳಿಕಳಿಸಿದ್ದ: "ಲಕ್ಕಣ್ಣ ಓಡ್ಸಿದ್ರೆ ಗಾಡಿ ಅತ್ತುತೀನಿ." ಅಮ್ಮ ಬಂದು, "ಗಾಡಿ ತಕ್ಕೊಂಡೋಗ್ಲಾ ಅಂತ ನಿಮ್ಮಪ್ಪನ್ನ ಕೇಳ್ದೆ. ಏನೂ ಅನ್ನಲಿಲ್ಲ. ಅಂದ್ರೆ ತಕ್ಕೊಂಡೋಗು ಅಂತ," ಅಂದಳು.

ದಂಡಿಗನಹಳ್ಳಿಗೆ ಹೋದೆ. ಲಕ್ಕಯ್ಯ ಒಂದು ಹುಣಸೆಮರದ ಕೆಳಗೆ ಟ್ರ್ಯಾಕ್ಟರಿನ ಗಾಲಿ ಬಿಚ್ಚಿಕೊಂಡು ಕೂತಿದ್ದ. ನಾನು ಠಾಣೆಗೆ ಹೋದದ್ದು ಅವನಿಗೆ ಆಗಲೇ ತಿಳಿದಿತ್ತು. ಒಳ್ಳೆಯದು ಮಾಡಿದಿರಿ ಅನ್ನಲಿಲ್ಲ. ನಾನು ಅದನ್ನೇ ಕೇಳಲು ಅಷ್ಟು ದೂರ ಹೋಗಿದ್ದೆನೇನೋ.

"ಮೊಣಕಾಲು ಉಳ್ಕತಾ?" ಅಂದ.

"ಇಲ್ಲ. ಅದರ ಮೇಲಕ್ಕೆ ತೆಗೆದಿದ್ದಾರೆ."

ಎಣ್ಣೆಯ ಕೈಯನ್ನು ಮಣ್ಣಿಗೆ ಉಜ್ಜಿಕೊಂಡ. "ಮೊಣಕಾಲು ಉಳುದಿದ್ರೆ ಮರದ್ ಕಾಲು ಕಟ್ಟಾಕೆ ಸಲೀಸಾಗ್ತಿತ್ತು," ಅಂದು ಗಾಲಿಯ ಕಡೆ ತಿರುಗಿದ. "ನಾಳೀಕ್ ಬತ್ತೀನಿ ಸಾ. ಹುಲ್ಲು ಎಚ್ಚಾಗೇ ಆಕ್ಸಿರಿ."

ಮರುದಿನ ಬಂದು, ಟ್ರೈಲರಿನ ಸುತ್ತ ಒಂದು ಸುತ್ತು ನಡೆದು, ಪಿನ್ನು ಅಲ್ಲಾಡಿಸಿ ನೋಡಿದ. ಆಸ್ಪತ್ರೆಯಲ್ಲಿ ಕೆಂಪನನ್ನು ಅಚ್ಚಿಗಿಂತ ಒಂದು ಗೇಣು ಮುಂದೆ, ಗುಂಡಿ ಬಿದ್ದರೂ ಕುಲುಕು ಕಡಿಮೆ ತಗಲುವ ಜಾಗದಲ್ಲಿ ಮಲಗಿಸಿದ. ನನ್ನನ್ನು ಅವನ ಎಡಪಕ್ಕಕ್ಕೆ ಕೂರಿಸಿ, "ಆ ಕಡೀಕೆ ವಾಲ್ದಂಗೆ ಇಡ್ಕಳಿ. ಆ ಕಡೆ ಅವ್ನ್ಗೆ ಆಸರೆ ಇಲ್ಲ," ಅಂದ. ನಿಂಗಮ್ಮ ಮುಂಚಿನ ಬಸ್ಸಿಗೇ ಊರಿಗೆ ಹೋಗಿದ್ದಳು, ಮನೆ ಸಾರಿಸಲು. ದಾರಿಯುದ್ದಕ್ಕೂ ರಾಗಿ ಹೊಲಗಳು ಕೊಯ್ಲಿಗೆ ಬಂದಿದ್ದವು. ಕೆಂಪ ಒಂದೊಂದೇ ಹೊಲ ನೋಡಿ ಇದು ಚೆನ್ನಾಗಿ ಬಂದದೆ, ಇದುಕ್ಕೆ ಮಳೆ ಸಾಲ್ದು ಅನ್ನುತ್ತಿದ್ದ. ಕೆರೆಯ ಏರಿ ಬಂತು. ಅದನ್ನು ದಾಟುವವರೆಗೆ ಅವನ ಕೈ ನನ್ನ ತೋಳನ್ನು ಹಿಡಿದಿತ್ತು. ಹಿಡಿದಿರುವುದು ಅವನಿಗೆ ಗೊತ್ತಿತ್ತೋ ಇಲ್ಲವೋ.

ಕೇರಿಯ ಓಣಿಯೊಳಗೆ ಟ್ರೈಲರು ಹೋಗುವುದಿಲ್ಲ. ಓಣಿಯ ಬಾಯಿ ಇಳಿಜಾರು. ಲಕ್ಕಯ್ಯ ಬ್ರೇಕು ತುಳಿದುಕೊಂಡೇ ಕೂತು, "ನೀವು ಇಳ್ಸಿ ಸಾ, ನಾನ್ ಕಾಲ್ ತೆಗಿಯಂಗಿಲ್ಲ," ಅಂದ. ಅಲ್ಲಿಂದ ಕೆಂಪನ ಮನೆಗೆ ಮೂವತ್ತು ಹೆಜ್ಜೆ. ಅವನನ್ನು ಎರಡು ತೋಳಲ್ಲಿ ಎತ್ತಿಕೊಂಡೆ. ಬಡವಾಗಿದ್ದ, ಆದರೂ ಹೊರಲಾಗಲಿಲ್ಲ. ಒಂದು ಕಾಲಿನ ಮೈಯನ್ನು ಹೇಗೆ ಹಿಡಿಯಬೇಕೆಂದು ನನ್ನ ಕೈಗಳಿಗೆ ತಿಳಿಯಲಿಲ್ಲ. ಭಾರವೆಲ್ಲ ಬಲಕ್ಕೆ ಜಗ್ಗಿ ನಾನು ವಾಲಿದೆ. ಕೆಂಪ ಗೋಡೆ ಹಿಡಿದುಕೊಂಡ.

ಆಗ ಹಿಂದಿನಿಂದ ಯಾರೋ ಬಂದರು. ಅಪ್ಪ. ಕಣದಲ್ಲಿ ನಿಂತು ಟ್ರ್ಯಾಕ್ಟರಿನ ಸದ್ದಿಗೆ ಕಾಯುತ್ತಿದ್ದನೋ ಏನೋ, ಪಂಚೆಯ ತುಂಬ ರಾಗಿಹುಲ್ಲಿನ ಹೊಟ್ಟಿತ್ತು. ಕೆಂಪನ ಎಡಪಕ್ಕಕ್ಕೆ ಬಗ್ಗಿ, ಅವನ ತೊಡೆಯ ಕೆಳಗೆ ಕೈ ತೂರಿಸಿ ನನ್ನ ಮಣಿಕಟ್ಟನ್ನು ಹಿಡಿದ. ನಾನು ಅವನದನ್ನು ಹಿಡಿದೆ. ಇನ್ನೊಂದು ಕೈ ಕೆಂಪನ ಬೆನ್ನಿಗೆ. ಕೆಂಪ ನಮ್ಮಿಬ್ಬರ ಕತ್ತಿನ ಮೇಲೂ ತೋಳು ಹಾಕಲು ಹಿಂಜರಿದ.

"ಆಕ್ಲಾ ತೋಳ. ಬಿದ್ಗಿದ್ದೀಯೆ," ಅಂದ ಅಪ್ಪ.

ಹಾಕಿದ. ಎದ್ದೆವು. ನಾಲ್ಕು ಹೆಜ್ಜೆ ಹೋದ ಮೇಲೆ ಅಪ್ಪ, ನನ್ನ ಕಡೆ ನೋಡದೆ, "ಮೆಲ್ಲುಕ್ ನಡಿ. ನಿನ್ ಕಡೀಕೆ ಭಾರ ಎಚ್ಚದೆ," ಅಂದ.

ಎರಡು ತಿಂಗಳಾಗಿತ್ತು ಆ ದನಿ ನನ್ನನ್ನು ಉದ್ದೇಶಿಸಿ ಮಾತಾಡಿ. ಮೆಲ್ಲಗೆ ನಡೆದೆ. ಓಣಿಯ ಎರಡು ಬದಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು. ಅಪ್ಪ ಈ ಓಣಿಗೆ ಹಿಂದೆ ಎಂದೂ ಕಾಲಿಟ್ಟವನಲ್ಲ. ಬೇಕಾದವರನ್ನು ಅದರ ಬಾಯಲ್ಲಿ ನಿಂತು ಕೂಗಿ ಕರೆಯುತ್ತಿದ್ದ.

ಕೆಂಪನ ಮನೆಯ ಮುಂದೆ ಹೊಸದಾಗಿ ಸಾರಿಸಿತ್ತು. ನಿಂಗಮ್ಮ ಬಾಗಿಲಲ್ಲಿದ್ದಳು. ಗಂಡನನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಅಪ್ಪನನ್ನು ನೋಡಿ ಒಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅಪ್ಪ ಹೊಸ್ತಿಲ ಈಚೆ ನಿಂತ. ಅವನಿಗೆ ದಣಿವಾಗಿತ್ತೋ, ಬೇರೇನಾದರೂ ಆಗಿತ್ತೋ, ಅವನ ಹಿಡಿತ ನನ್ನ ಮಣಿಕಟ್ಟಿನ ಮೇಲೆ ಬಿಗಿಯಾಯಿತು.

"ತಲೆ ಬಗ್ಗುಸ್ಕಳಿ ಬುದ್ಧಿ," ಅಂದಳು ನಿಂಗಮ್ಮ. "ಬಾಗ್ಲು ತಗ್ಗು."

ಅಪ್ಪ ತಲೆ ಬಗ್ಗಿಸಿದ. ಮೂವರೂ ಒಟ್ಟಿಗೆ ಒಳಗೆ ಹೋದೆವು.